ಬೇಗ ಬಂದವಳ ಮುಖದ ಅಚ್ಚು

ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಾವು ಬೇಗ ಬಂದೆವು. ತಾವು ಹೇಳಿದ ಹಾಗೆಯೇ ಬಂದೆವು. ಬಂದು ಕಾಯುತ್ತಿದ್ದೇವೆ. ತಮ್ಮ ಕ್ಯಾನ್ಸರ್ ಆಸ್ಪತ್ರೆಯ ವಿಕಿರಣ ಯಂತ್ರ ಈಚೆಗೆ ಎರಡನೆಯ ಸಲ ಕೆಟ್ಟು ನಿಂತಿದೆ. ನನ್ನ ಹೆಂಡತಿಯ ಗಂಟಲಿನ ಚಿಕಿತ್ಸೆ ಅರ್ಧಕ್ಕೆ ನಿಂತು ತಿಂಗಳಾಗುತ್ತ ಬಂತು. ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಅಂಥದೇ ಯಂತ್ರವಿದೆ, ಸಂಜೆ ಹೊತ್ತು ಅದು ಖಾಲಿ ಇರುತ್ತದೆ, ಅರ್ಧಕ್ಕೆ ನಿಂತವರನ್ನು ಕಳಿಸಿಕೊಡಿ ಎಂದು ಅವರೇ ಬರೆದು ತಿಳಿಸಿದ್ದಾರೆ. ಬೇಕಾಗಿರುವುದು ತಮ್ಮ ಒಪ್ಪಿಗೆಯೊಂದೇ. ಅದು ತಮ್ಮ ಮೇಜಿನ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂದಿದೆ. ನನ್ನ ಹೆಂಡತಿಯ ಗಂಟಲಿನಲ್ಲಿ ಇರುವುದು ಮಾತ್ರ ಯಾವುದನ್ನೂ ಪರಿಶೀಲಿಸುತ್ತ ಕೂತಿಲ್ಲ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತ ತಲೆ ನರೆಸಿಕೊಂಡವನು. ತಮ್ಮ ಇಲಾಖೆಯ ಭಿತ್ತಿಪತ್ರಗಳು ನಮ್ಮಲ್ಲೇ ಅಚ್ಚಾಗುತ್ತಿದ್ದವು. ಹಳದಿ ಬಣ್ಣದ ಆ ದೊಡ್ಡ ಭಿತ್ತಿಪತ್ರ ತಮಗೂ ನೆನಪಿರಬಹುದು, ಇಂದಿಗೂ ತಮ್ಮ ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಅಂಟಿಕೊಂಡಿದೆ. 'ಮೂರು ವಾರ ಕಳೆದರೂ ಧ್ವನಿ ಒಡೆದೇ ಇದೆಯೆ? ಮಾಯದ ಹುಣ್ಣು, ನೋವಿಲ್ಲದ ಗಂಟು ಇದೆಯೆ? ಬೇಗ ಬನ್ನಿ, ಗುಣವಾಗಿ ಹೋಗಿ.' ಈ ಮೂರು ಸಾಲು ತಿದ್ದಿ ಕೊಟ್ಟವನು ನಾನು. ಆದರೆ ತಮ್ಮ ಇಲಾಖೆ ಮೊದಲು ಕಳಿಸಿದ ಬರಹದಲ್ಲಿ ನಾಲ್ಕನೆಯದೊಂದು ಸಾಲಿತ್ತು: 'ನಿಮಗಾಗಿ ನಾವು ಸಿದ್ಧರಿದ್ದೇವೆ.' ಕರಡು ತಮ್ಮಲ್ಲಿಗೆ ಹೋಗಿ ವಾಪಸು ಬಂದಾಗ ಅದರ ಮೇಲೆ ನೀಲಿ ಪೆನ್ಸಿಲಿನ ಗೆರೆ ಬಿದ್ದಿತ್ತು. ಪಕ್ಕದಲ್ಲಿ 'ಜಾಗ ಸಾಲದು' ಎಂಬ ಷರಾ. ಆ ಜಾಗದಲ್ಲಿ ಅಂದಿನ ಮುಖ್ಯಾಧಿಕಾರಿಗಳ ನಗುಮುಖದ ಭಾವಚಿತ್ರ ಬಂತು. ಅಂದು ನಾನೂ ಅಕ್ಷರ ಜೋಡಿಸುವವನೂ ನಕ್ಕಿದ್ದೆವು. ಈಗ ಅನ್ನಿಸುತ್ತದೆ, ಈ ಇಲಾಖೆ ತನ್ನ ಬಗ್ಗೆ ಸತ್ಯ ಹೇಳಿದ ದಿನವೊಂದಿದ್ದರೆ ಅದು ಆ ಸಾಲನ್ನು ಹೊಡೆದುಹಾಕಿದ ದಿನ.

ನನ್ನ ಹೆಂಡತಿ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗಿರಾಕಿಗಳಿಗೆಂದು ಎರಡು ಸ್ಟೂಲು. ಅವಳ ಕೈಗಿಂತ ಬಾಯಿ ಜೋರು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ಧ್ವನಿಯೇ ಎತ್ತರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತ್ತು. ಆ ಧ್ವನಿ ಒಂದು ದಿನ ಒಡೆಯಿತು. ಶೀತವೆಂದು ಬಿಸಿನೀರು ಕುಡಿದಳು, ಉಪ್ಪುನೀರು ಮುಕ್ಕಳಿಸಿದಳು. ಒಡೆದದ್ದು ಕೂಡಲಿಲ್ಲ.

"ಮೂರು ವಾರ ಆಯ್ತು ಕಣೇ," ಎಂದೆ.

"ಆಗ್ಲಿ ಬಿಡಿ. ಇಡೀ ದಿನ ಗಿರಾಕಿಗಳ ಜೊತೆ ವಾದ ಮಾಡ್ತೀನಿ, ಗಂಟಲು ಕಟ್ಟದೆ ಇನ್ನೇನಾಗುತ್ತೆ? ನಿಮಗಂತೂ ಖುಷಿ, ಮನೆ ತಣ್ಣಗಿದೆ."

"ಭಿತ್ತಿಪತ್ರದಲ್ಲಿ ಮೂರು ವಾರ ಅಂತಾನೇ ಇದೆ."

"ನೀವು ಓದಿದ್ದೆಲ್ಲ ನನ್ನ ಗಂಟಲಿಗೆ ಅಂಟಿಸ್ಬೇಡಿ."

ಅಂಟಿಸಿದೆ. ಬಿಡದೆ ಕರೆದುಕೊಂಡು ಹೋದೆ. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ನೋಡಿದರು. ಪರದೆಯ ಮೇಲೆ ಅವಳ ಧ್ವನಿತಂತುಗಳು ಕಂಡವು. ಒಂದರ ಅಂಚಿನಲ್ಲಿ ಅಕ್ಕಿಕಾಳಿನ ತುದಿಯಷ್ಟು ಬಿಳಿ. ಅಷ್ಟೇ. ಚೂರು ತೆಗೆದು ಪರೀಕ್ಷಿಸಿ, ಅದು ಕ್ಯಾನ್ಸರ್ ಎಂದರು. ಉಳಿಯುತ್ತಾಳೆಯೆ ಎಂದು ನಾನು ಕೇಳಿದೆ. ಅವಳು ಕೇಳಿದ್ದು ಬೇರೆಯೇ.

"ಡಾಕ್ಟ್ರೇ, ನಾನು ದಾರಾನ ಹಲ್ಲಲ್ಲೇ ಕಚ್ಚಿ ಕಡಿಯೋದು. ಅದಕ್ಕೇನಾದ್ರೂ ಬಂತಾ?"

"ಇಲ್ಲಮ್ಮ. ದಾರಕ್ಕೂ ಇದಕ್ಕೂ ಸಂಬಂಧ ಇಲ್ಲ. ಹೊಗೆಸೊಪ್ಪು, ಕುಡಿತ ಇರೋರಿಗೆ ಜಾಸ್ತಿ ಬರುತ್ತೆ. ಏನೂ ಇಲ್ಲದೋರಿಗೂ ಒಮ್ಮೊಮ್ಮೆ ಬರುತ್ತೆ. ನೀವೇನೂ ತಪ್ಪು ಮಾಡಿಲ್ಲ," ಎಂದರು ವೈದ್ಯೆ. ನನ್ನ ಮಗಳ ವಯಸ್ಸಿನವರು. ಆಮೇಲೆ ನನ್ನ ಕಡೆ ತಿರುಗಿ, "ತುಂಬಾ ಬೇಗ ಕರ್ಕೊಂಡು ಬಂದಿದೀರಿ ಅಂಕಲ್. ಈ ಹಂತದಲ್ಲಿ ಕೊಯ್ಯೋದೇ ಬೇಡ. ಬರೀ ವಿಕಿರಣದಲ್ಲೇ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ವಾಸಿಯಾಗುತ್ತೆ, ಧ್ವನಿಯೂ ಉಳಿಯುತ್ತೆ. ಒಂದೇ ಷರತ್ತು, ನಡುವೆ ನಿಲ್ಲಿಸಬಾರದು," ಎಂದರು.

ತಮ್ಮ ಭಿತ್ತಿಪತ್ರವನ್ನು ನಾನು ಅಂದು ಮನಸಾರೆ ಹರಸಿದೆ. ಹೊರಗೆ ಬಂದರೆ ಆಸ್ಪತ್ರೆಯ ಗೇಟಿನ ಎದುರಿನ ಗೂಡಂಗಡಿಯಲ್ಲಿ ಹೊಗೆಸೊಪ್ಪಿನ ಪೊಟ್ಟಣಗಳು ತೋರಣದಂತೆ ತೂಗುತ್ತಿದ್ದವು. ಅದನ್ನು ತೆರವು ಮಾಡಿಸುತ್ತೇವೆ ಎಂದು ತಮ್ಮ ಹಿಂದಿನವರ ಹಿಂದಿನವರು ಭಾಷಣ ಮಾಡಿದ್ದರು. ಆ ಭಾಷಣದ ಕರಡನ್ನೂ ನಾನೇ ತಿದ್ದಿದ್ದೆ. ಅಂಗಡಿ ಈಗ ಮೊದಲಿಗಿಂತ ದೊಡ್ಡದಾಗಿದೆ, ಕುಳಿತುಕೊಳ್ಳಲು ಬೆಂಚೂ ಹಾಕಿದ್ದಾರೆ. ಒಳಗೆ ಬರುವವರನ್ನು ಹೊರಗೇ ತಯಾರು ಮಾಡುವ ಈ ಏರ್ಪಾಡಿಗೆ ಯಾವ ಪರಿಶೀಲನೆಯೂ ಬೇಕಾಗಲಿಲ್ಲ, ನೋಡಿ.

ಕಾಯಿಲೆ ಬಂದ ಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಹಳೇ ಚಾಳಿ. ತಾವು ಇದನ್ನೆಲ್ಲ ಬಲ್ಲಿರಿ ಎಂದುಕೊಂಡಿದ್ದೆ, ತಮ್ಮ ಮೌನ ನೋಡಿದ ಮೇಲೆ ಸಂಶಯ ಬಂದಿದೆ, ಹಾಗಾಗಿ ಬರೆಯುತ್ತೇನೆ. ನಮ್ಮ ಮೈಯ ಜೀವಕೋಶಗಳು ಒಡೆದು ಎರಡಾಗುವಾಗಲೆಲ್ಲ ತಮ್ಮೊಳಗಿನ ಬರಹವನ್ನು ನಕಲು ಮಾಡಿಕೊಳ್ಳುತ್ತವೆ. ನಕಲಿನಲ್ಲಿ ತಪ್ಪು ನುಸುಳುತ್ತದೆ. ತಿದ್ದುವ ಏರ್ಪಾಡು ಒಳಗೇ ಇದೆ, ಬಹುಪಾಲು ತಪ್ಪುಗಳನ್ನು ಅದು ಹಿಡಿದುಹಾಕುತ್ತದೆ. ಹೊಗೆಯಂಥವು ತಪ್ಪುಗಳನ್ನು ಹೆಚ್ಚಿಸುತ್ತವೆ, ಅದಕ್ಕೇ ಬೇಡ ಎನ್ನುವುದು. ಆದರೆ ಏನೂ ಮಾಡದವರಲ್ಲೂ ಒಂದೆರಡು ತಪ್ಪು ಕಣ್ಣು ತಪ್ಪಿಸಿ ಉಳಿದುಕೊಳ್ಳಬಹುದು. ಅವು ಸೇರುತ್ತ ಸೇರುತ್ತ ಒಂದು ಕೋಶಕ್ಕೆ 'ಸಾಕು, ನಿಲ್ಲಿಸು' ಎಂಬ ಮಾತೇ ಕೇಳಿಸದಂತಾಗುತ್ತದೆ. ಅದು ಬೆಳೆಯುತ್ತಲೇ ಹೋಗುತ್ತದೆ. ವಿಕಿರಣ ಮಾಡುವುದಿಷ್ಟೇ: ಆ ಬರಹವನ್ನು ಚೂರುಚೂರು ಮಾಡಿ ಇನ್ನು ನಕಲಾಗದಂತೆ ನೋಡಿಕೊಳ್ಳುತ್ತದೆ. ಪಕ್ಕದ ಒಳ್ಳೆಯ ಕೋಶಗಳಿಗೂ ಏಟು ಬೀಳುತ್ತದೆ, ಅವು ಮರುದಿನದೊಳಗೆ ಒಂದಿಷ್ಟು ಚೇತರಿಸಿಕೊಳ್ಳುತ್ತವೆ. ಕೆಟ್ಟವು ಅಷ್ಟು ಚೆನ್ನಾಗಿ ಚೇತರಿಸಿಕೊಳ್ಳಲಾರವು. ಅದಕ್ಕೆಂದೇ ದಿನಕ್ಕೆ ಸ್ವಲ್ಪ ಸ್ವಲ್ಪ, ವಾರಗಟ್ಟಲೆ, ಬಿಡದೆ. ನಡುವೆ ಬಿಟ್ಟರೆ ಉಳಿದ ಕೆಟ್ಟ ಕೋಶಗಳು ಸುಮ್ಮನಿರುವುದಿಲ್ಲ. ಏಟು ತಿಂದ ಮೇಲೆ ಅವು ಮೊದಲಿಗಿಂತ ಬಿರುಸಾಗಿ ಬೆಳೆಯುತ್ತವಂತೆ. ಅಂದರೆ ತಮ್ಮ ಯಂತ್ರ ನಿಂತ ಪ್ರತಿ ದಿನವೂ ನಮ್ಮ ಪಾಲಿಗೆ ಬರೀ ಕಾಯುವ ದಿನವಲ್ಲ, ಹಿಂದಕ್ಕೆ ಜಾರುವ ದಿನ. ಇದು ಭಿತ್ತಿಪತ್ರದಲ್ಲಿ ಏಕಿಲ್ಲ? ಜಾಗ ಸಾಲದೆಂದೆ?

ಗಂಟಲಿಗೆ ವಿಕಿರಣ ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕಾಗಿ ಪ್ರತಿ ರೋಗಿಗೂ ಮುಖದ ಅಚ್ಚು ಮಾಡುತ್ತಾರೆ. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಮಲಗಿದವರ ಮುಖದ ಮೇಲೆ ಒದ್ದೆಯಾಗಿಯೇ ಎಳೆದು ಒತ್ತುತ್ತಾರೆ. ಆರಿದ ಮೇಲೆ ಅದು ಆ ಒಬ್ಬರದೇ ಮುಖ: ಅವರದೇ ಹಣೆ, ಅವರದೇ ಮೂಗು. ದಿನವೂ ಅದನ್ನು ಮುಖಕ್ಕಿಟ್ಟು ಮೇಜಿಗೆ ಬಿಗಿಯುತ್ತಾರೆ. ಅಚ್ಚು ಮಾಡಿಸಿಕೊಂಡು ಹೊರಬಂದ ನನ್ನ ಹೆಂಡತಿಯ ಕೆನ್ನೆ ತುಂಬ ಜಾಲರಿಯ ಗುರುತು. "ಜೀವಮಾನವೆಲ್ಲ ಊರವರ ಅಳತೆ ತೆಗೆದೆ ರೀ. ನನ್ನ ಅಳತೆ ತೆಗೆದೋರು ಇವರೇ ಮೊದಲು. ಫಿಟ್ಟಿಂಗ್ ಚೆನ್ನಾಗಿದೆ, ಉಸಿರು ಬಿಡೋಕೇ ಜಾಗ ಬಿಟ್ಟಿಲ್ಲ," ಎಂದಳು.

ವಿಕಿರಣದ ಕೋಣೆಯ ಹೊರಗೆ ಉದ್ದನೆಯ ಒಂದು ಬೆಂಚಿದೆ. ತಾವು ಅದನ್ನು ನೋಡಿರಲಾರಿರಿ, ಉದ್ಘಾಟನೆಯ ದಿನ ಅಲ್ಲಿ ಹೂಕುಂಡಗಳನ್ನಿಟ್ಟಿದ್ದರು. ಆ ಬೆಂಚಿನ ಮೇಲೆ ನಮಗೊಬ್ಬ ಲಾರಿ ಡ್ರೈವರ್ ಗೆಳೆಯನಾದ. ಅವನದೂ ಗಂಟಲೇ. "ಅಕ್ಕಾ, ನನ್ನ ಮೂಗಿಗೆ ಹಾಳೆ ಸಾಲ್ಲಿಲ್ಲ ಅಂತ ಮಿಷಿನ್ ನೋಡ್ಕೊಳೋ ಹುಡುಗಿ ಬೈತಿದ್ಲು," ಎಂದು ನಗಿಸುತ್ತಿದ್ದ. "ಬಾಡಿಗೆ ಲಾರಿ ಥರ ನೋಡಿ ನಮ್ಮ ಕಥೆ. ರೋಡಲ್ಲಿ ಇರೋವರೆಗೆ ಓಕೆ, ನಿಂತ್ರೆ ಕೆಟ್ವಿ." ಒಳಗೆ ಗೋಡೆಯ ಮೊಳೆಗಳಿಗೆ ಎಲ್ಲರ ಅಚ್ಚುಗಳನ್ನೂ ತೂಗುಹಾಕಿರುತ್ತಿದ್ದರು. ಬಾಗಿಲು ತೆರೆದಾಗಲೆಲ್ಲ ಸಾಲು ಮುಖಗಳು ಕಾಣುತ್ತಿದ್ದವು. ನನ್ನ ಹೆಂಡತಿಯದು ಕಿಟಕಿಯ ಪಕ್ಕದ್ದು.

ಚಿಕಿತ್ಸೆ ಹೆಚ್ಚುಕಮ್ಮಿ ಅರ್ಧ ಮುಗಿದಿತ್ತು. ಗಂಟಲು ಸುಟ್ಟಂತಾಗಿ ಗಂಜಿಯೂ ಇಳಿಯದ ಹೊತ್ತು. ಆಗ ಯಂತ್ರ ನಿಂತಿತು. ಆಸ್ಪತ್ರೆಯಿಂದ ಫೋನು ಬಂತು: "ಬರಬೇಡಿ, ರಿಪೇರಿ ಆದ್ಮೇಲೆ ನಾವೇ ಕರೀತೀವಿ." ನಾವು ಹೋಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜಾತಿಯವರು ನಾವು. ಬಾ ಎಂದರೆ ಬರುತ್ತೇವೆ, ಬೇಡವೆಂದರೆ ಮನೆಯಲ್ಲಿರುತ್ತೇವೆ. ಡ್ರೈವರ್ ಮಾತ್ರ ದಿನವೂ ಹೋಗಿ ಆ ಬೆಂಚಿನ ಮೇಲೆ ಕೂರುತ್ತಿದ್ದನಂತೆ. ಎರಡು ವಾರದ ಮೇಲೆ ಅವನೇ ಫೋನು ಮಾಡಿದ: "ಅಕ್ಕಾ, ಮಿಷಿನ್ ಶುರುವಾಗಿ ಎರಡು ದಿನ ಆಯ್ತು, ನೀವೆಲ್ಲಿ?" ನಮ್ಮನ್ನು ಯಾರೂ ಕರೆದಿರಲಿಲ್ಲ.

ಓಡಿಹೋದೆವು. ಕಿಟಕಿಯ ಪಕ್ಕದ ಮೊಳೆ ಖಾಲಿ ಇತ್ತು.

"ಆಂಟಿ..." ಎಂದಳು ಯಂತ್ರ ನೋಡಿಕೊಳ್ಳುವ ಹುಡುಗಿ.

"ಎಲ್ಲಿ ಮಗಳೇ ನನ್ನ ಮುಖ?"

"ಹಾಳೆ ಸ್ಟಾಕ್ ಇರಲಿಲ್ಲ ಆಂಟಿ. ಹತ್ತು ದಿನ ಬರದೇ ಇರೋರದ್ದು ತೆಗೆದು ಬಿಸಿನೀರಿಗೆ ಹಾಕಿ, ಹೊಸಬರಿಗೆ ಮಾಡಿ ಅಂತ ಮೇಲಿನಿಂದ ಆರ್ಡರ್ ಇದೆ. ನೀವು ಬರೋದು ಬಿಟ್ರಿ ಅಂದ್ಕೊಂಡ್ರು."

"ನಾವು ಬಿಟ್ವಾ? ಬರಬೇಡಿ ಅಂದಿದ್ದು ಯಾರು?" ಎಂದು ನಾನು ಕೂಗಿದೆ. ಆ ಹುಡುಗಿ ಅಳತೊಡಗಿದಳು. ಹೆಂಡತಿ ನನ್ನ ತೋಳು ಹಿಡಿದು, "ಅವಳ ಮೇಲೆ ಯಾಕೆ ಹಾರಾಡ್ತೀರಿ? ಕತ್ತರಿ ಹಿಡಿದಿರೋಳು ಅವಳಲ್ಲ," ಎಂದಳು.

ತಮಗೆ ಅರ್ಥವಾಗಲಿ ಎಂದು ಬಿಡಿಸಿ ಹೇಳುತ್ತೇನೆ. ಆ ಹಾಳೆಗೆ ಬಿಸಿನೀರು ತಾಗಿದರೆ ಅದರಲ್ಲಿದ್ದ ಮುಖ ಮಾಯವಾಗಿ ಮತ್ತೆ ಬರೀ ಹಾಳೆಯಾಗುತ್ತದೆ. ನನ್ನ ಹೆಂಡತಿಯ ಹಣೆ, ಮೂಗು, ಗಲ್ಲ ಎಲ್ಲ ಹೀಗೆ ನೀರಿನಲ್ಲಿ ಕರಗಿ, ಈಗ ಇನ್ನಾರದೋ ಮುಖವಾಗಿವೆ. ಆ ಇನ್ನಾರೋ ನೂರು ವರ್ಷ ಬಾಳಲಿ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಈ ನಿಯಮ ಮಾಡಿದವರನ್ನು ಕೇಳುತ್ತೇನೆ: ಬಾರದೆ ಹೋದದ್ದು ರೋಗಿಯೋ ಯಂತ್ರವೋ ಎಂದು ಒಮ್ಮೆ ವಿಚಾರಿಸಬೇಕೆಂದು ತಮಗೆ ಹೊಳೆಯಲಿಲ್ಲವೆ? ಮಾತು ಕೇಳಿದವರ ಮುಖ ಅಳಿಸಿಹೋಯಿತು, ಮಾತು ಕೇಳದೆ ಬಾಗಿಲಲ್ಲಿ ಕೂತವನದು ಉಳಿಯಿತು. ಇದರಿಂದ ನಾವು ಕಲಿಯಬೇಕಾದ ನಾಗರಿಕ ಕರ್ತವ್ಯ ಯಾವುದು, ದಯವಿಟ್ಟು ಒಂದು ಭಿತ್ತಿಪತ್ರದಲ್ಲಿ ತಿಳಿಸಿಕೊಡಿ.

ಹೊಸ ಹಾಳೆ ಬರುವತನಕ ಕಾಯಿರಿ ಎಂದರು. ಹಾಳೆ ಬರುವ ಮೊದಲೇ ಯಂತ್ರ ಮತ್ತೆ ನಿಂತಿತು. ಈಗ ಡ್ರೈವರನದೂ ನಿಂತಿದೆ. ಅಚ್ಚು ಇದ್ದವರೂ ಇಲ್ಲದವರೂ ಒಂದೇ ಬೆಂಚಿನ ಮೇಲೆ ಇದ್ದೇವೆ. ಸಮಾನತೆಯನ್ನು ತಾವು ಹೀಗೆ ಸಾಧಿಸಿದ್ದೀರಿ.

ಆಗ ತಮ್ಮನ್ನು ಕಾಣಲು ಬಂದೆ. ತಮ್ಮ ಕೋಣೆಯ ಹೊರಗೆ ಕೂರುವ ಗುಮಾಸ್ತರು ಒಳ್ಳೆಯವರೇ, ಕುರ್ಚಿ ಕೊಟ್ಟರು.

"ಸಾಹೇಬ್ರು ಮೀಟಿಂಗಲ್ಲಿದಾರೆ," ಎಂದರು.

"ಯಾವ ಮೀಟಿಂಗು?"

"ಕ್ಯಾನ್ಸರ್ ಜಾಗೃತಿ ಸಪ್ತಾಹದ್ದು."

ನಾನು ಜಾಗೃತನಾಗಿಯೇ ಕೂತಿದ್ದೆ, ಮಧ್ಯಾಹ್ನದವರೆಗೆ. ಕೊನೆಗೆ ಅವರಿಗೇ ಕನಿಕರ ಬಂತು. "ತುರ್ತು ಕೇಸಾ? ರಕ್ತ ಏನಾದ್ರೂ ಹೋಗ್ತಿದೆಯಾ?"

"ಇಲ್ಲ."

"ಪ್ರಜ್ಞೆ ಇದೆ ತಾನೆ?"

"ಇದೆ. ಮನೇಲಿ ಕೂತು ಅಂಗಿ ಗುಂಡಿಗೆ ಕಾಜ ಹೊಲೀತಿದಾಳೆ."

"ಹಾಗಾದ್ರೆ ಸ್ವಲ್ಪ ಕಾಯಬಹುದಲ್ಲ ಯಜಮಾನರೇ. ತುರ್ತು ಅಂತ ಬರೆಯೋಕೆ ಏನಾದ್ರೂ ಕಾಣಿಸ್ಬೇಕಲ್ಲ."

ಅವರ ತಪ್ಪಲ್ಲ. ಕಾಣಿಸುವ ಮೊದಲೇ ಬನ್ನಿ ಎಂದು ಇಲಾಖೆ ಹೇಳುತ್ತದೆ, ಕಾಣಿಸಿದರೆ ಮಾತ್ರ ತುರ್ತು ಎಂದು ಅದೇ ಇಲಾಖೆ ಹೇಳುತ್ತದೆ. ಈ ಎರಡು ಬಾಗಿಲುಗಳ ನಡುವಿನ ಪಡಸಾಲೆಯಲ್ಲಿ ನಮ್ಮಂಥವರು ಎಷ್ಟು ಜನ ಸಿಕ್ಕಿಕೊಂಡಿದ್ದೇವೆಂದು ಯಾರಾದರೂ ನೋಡಿದ್ದಾರೆಯೆ? ತಮ್ಮ ಮೇಜಿಗೂ ಈ ಕಾಯಿಲೆಗೂ ಒಂದು ವ್ಯತ್ಯಾಸವಿದೆ, ಮಾನ್ಯರೇ. ಮೇಜಿನ ಮೇಲಿನದು ತಾವು ಮುಟ್ಟದಿದ್ದರೆ ಇದ್ದಲ್ಲೇ ಇರುತ್ತದೆ.

ಮೊನ್ನೆ ವೈದ್ಯೆ ಮತ್ತೆ ಕೊಳವೆ ಇಳಿಸಿ ನೋಡಿದರು. ಹಳೆಯ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡು ಇನ್ನೊಮ್ಮೆ ನೋಡಿದರು.

"ಹೇಳಿ ಡಾಕ್ಟ್ರೇ, ನಾನು ಹೆದರಲ್ಲ," ಎಂದಳು ಹೆಂಡತಿ. ಧ್ವನಿ ಕಾಗದ ಹರಿದಂತೆ ಬರುತ್ತಿತ್ತು.

"ಈಗ್ಲೇ ಏನೂ ಕೈಮೀರಿಲ್ಲಮ್ಮ. ಉಳಿದದ್ದು ಬೇಗ ಶುರು ಮಾಡ್ಬೇಕು. ಊರಿನ ಆ ತುದಿಯ ಆಸ್ಪತ್ರೆಗೆ ಕಳಿಸಿದ್ರೆ ಒಂದು ವಾರದೊಳಗೆ ಹೊಸ ಅಚ್ಚು ಮಾಡಿ ಶುರು ಮಾಡ್ತೀವಿ ಅಂದಿದಾರೆ. ನಾನು ಇಲಾಖೆಗೆ ಮೂರು ಸಲ ಬರೆದೆ."

"ತಡ ಆದ್ರೆ?"

"ಮತ್ತೆ ಬೆಳೆದ್ರೆ, ಧ್ವನಿಪೆಟ್ಟಿಗೇನೇ ತೆಗೀಬೇಕಾಗಬಹುದು. ಕುತ್ತಿಗೇಲಿ ಉಸಿರಿಗೆ ಒಂದು ಸಣ್ಣ ತೂತು ಮಾಡ್ತೀವಿ. ಜೀವಕ್ಕೆ ಅದರಿಂದ..."

"ಕಾಜ ಅನ್ನಿ," ಎಂದಳು ಹೆಂಡತಿ. ವೈದ್ಯೆ ನಗಲಿಲ್ಲ. ನಾನೂ ನಗಲಿಲ್ಲ. ಅವಳೊಬ್ಬಳೇ ನಕ್ಕಳು, ಆ ನಗು ಕೆಮ್ಮಾಯಿತು.

ಧ್ವನಿಪೆಟ್ಟಿಗೆ ಹೋದವರೂ ಬದುಕುತ್ತಾರೆ, ಬೇರೆ ಬಗೆಯಲ್ಲಿ ಮಾತು ಕಲಿಯುತ್ತಾರೆ, ಅವರ ಧೈರ್ಯ ದೊಡ್ಡದು. ಅದು ಬೇಕಾಗಿಯೇ ಬಂದರೆ ನಾವೂ ಹೇಗೋ ಕಲಿತೇವು. ಆದರೆ ಅಕ್ಕಿಕಾಳಿನ ತುದಿಯಷ್ಟಿದ್ದಾಗ ಬಂದವಳಿಗೆ ಅದು ಬೇಕಾಗಿ ಬರುವುದು ಕಾಯಿಲೆಯಿಂದಲ್ಲ. ಅದನ್ನು ಮಾಡಿದ್ದು ತಾವು ಎಂದು ಬರೆಯಲು ನನಗೆ ಯಾವ ಅಳುಕೂ ಇಲ್ಲ.

ಈಗ ಮನೆಯಲ್ಲಿ ಅವಳು ಗಿರಾಕಿಗಳೊಂದಿಗೆ ಕೈಸನ್ನೆಯಲ್ಲಿ ಮಾತಾಡಬೇಕೆಂಬುದು ನನ್ನ ಕಟ್ಟಪ್ಪಣೆ. ಅವಳು ಕೇಳುವುದಿಲ್ಲ. "ಇರೋ ಧ್ವನೀನ ಸುಮ್ನೆ ಖರ್ಚು ಮಾಡ್ಬೇಡ ಕಣೇ," ಎಂದರೆ, "ಕೂಡಿಟ್ಟು ಯಾರಿಗೆ ಕೊಡ್ಲಿ? ಹೋಗೋದೇ ಆದ್ರೆ ನಿಮ್ಮನ್ನ ಪೂರ್ತಿ ಬೈದು ಮುಗಿಸಿಬಿಡ್ತೀನಿ, ಬಾಕಿ ಇಟ್ಕೊಂಡು ಹೋಗಲ್ಲ," ಎನ್ನುತ್ತಾಳೆ. ಮಾನ್ಯರೇ, ಅವಳು ಬೈಯುತ್ತಿದ್ದರೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ. ನನಗೆ ಓದಲು ಬರುತ್ತದೆ, ತಿದ್ದಲು ಬರುತ್ತದೆ, ವಾದ ಮಾಡಲೂ ಬರುತ್ತದೆ. ಅವಳ ಗಂಟಲೊಳಗೆ ನಡೆಯುತ್ತಿರುವುದನ್ನು ಒಂದು ಗಳಿಗೆ ನಿಲ್ಲಿಸಲು ಬರುವುದಿಲ್ಲ. ಅದು ಬರುವುದು ಒಂದು ಯಂತ್ರಕ್ಕೆ. ಆ ಯಂತ್ರದ ತನಕ ನಮ್ಮನ್ನು ಕಳಿಸಲು ಬರುವುದು ತಮಗೆ ಮಾತ್ರ. ಇಷ್ಟು ಹೊತ್ತು ಕೊಂಕು ಮಾತಾಡಿದ್ದಕ್ಕೆ ತಮಗೆ ಸಿಟ್ಟು ಬಂದಿದ್ದರೆ ಸಿಟ್ಟನ್ನು ನನ್ನ ಮೇಲೆ ಇಟ್ಟುಕೊಳ್ಳಿ. ಬೇಕಾದರೆ ಕಾಲು ಹಿಡಿಯುತ್ತೇನೆ. ಸಹಿ ಮಾತ್ರ ಮಾಡಿ.

ಈ ವಾರ ಮುಗಿಯುವುದರೊಳಗೆ, ಅರ್ಧಕ್ಕೆ ನಿಂತ ನಮ್ಮೆಲ್ಲರನ್ನೂ ಆ ಆಸ್ಪತ್ರೆಗೆ ಕಳಿಸುವ ಒಪ್ಪಿಗೆಗೆ ಸಹಿ ಬೀಳಬೇಕು. ನನ್ನ ಹೆಂಡತಿಯೊಬ್ಬಳನ್ನಲ್ಲ, ಆ ಬೆಂಚಿನಲ್ಲಿ ಕೂತ ಪ್ರತಿಯೊಬ್ಬರನ್ನೂ. ಹಾಗೆಯೇ, ರೋಗಿಯನ್ನು ಮುಖಾಮುಖಿ ಕೇಳದೆ ಯಾರ ಅಚ್ಚನ್ನೂ ಬಿಸಿನೀರಿಗೆ ಹಾಕಬಾರದೆಂದು ಆದೇಶ ಹೊರಡಬೇಕು. ಭಿತ್ತಿಪತ್ರದ ನಾಲ್ಕನೆಯ ಸಾಲನ್ನು ಮತ್ತೆ ಸೇರಿಸಿ ಎಂದು ಕೇಳುವುದಿಲ್ಲ. ಅದು ನಿಜವಾದ ದಿನ ನಾನೇ ಬಂದು ಕೈಯಾರೆ ಬರೆದು ಹೋಗುತ್ತೇನೆ.

ಇದನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. ದಾರ ಕಚ್ಚಿ ಕಡಿದು, "ತುಂಬಾ ಉದ್ದ ಆಯ್ತು ರೀ, ಅವರು ಓದಲ್ಲ. ಫೋನ್ ಹಚ್ಚಿ ನನಗೆ ಕೊಡಿ, ನಾನೇ ಎರಡು ಮಾತು ಹೇಳ್ತೀನಿ," ಎಂದಳು. ಅವಳು ಹೇಳಿದ್ದೇ ಸರಿ. ನಾಳೆ ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ತಮ್ಮ ಫೋನು ರಿಂಗಣಿಸುತ್ತದೆ. ಆ ಕಡೆಯಿಂದ ಒಡೆದ ಧ್ವನಿಯೊಂದು ಕೇಳಿದರೆ ತಂತಿಯ ದೋಷವೆಂದು ಇಟ್ಟುಬಿಡಬೇಡಿ, ಅದು ಅವಳದೇ. ಇನ್ನೂ ಇದೆ. ಎತ್ತಿಕೊಳ್ಳಿ, ಮಾನ್ಯರೇ. ಈ ಸಲ ಬೇಗ ಬರಬೇಕಾದವರು ತಾವು.

ಇಂತಿ,
ತಮ್ಮ ಮೂರು ಸಾಲನ್ನು ತಿದ್ದಿ, ನಂಬಿ, ಹೆಂಡತಿಯನ್ನು ಕರೆತಂದ
ಒಬ್ಬ ಹಳೆಯ ಕರಡು ತಿದ್ದುಗ